ಸುಗುಣಕ್ಕನ ಪ್ರಾರ್ಥನೆ ವಿಷಯ

ತಾಂಬರಂನ ಸುಗುಣಾ ಜತ್ತನ್ನ ಅವರ ಪ್ರಾರ್ಥನೆಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಉಳಿದವರು ಕಣ್ಣು ಮುಚ್ಚಿ, ಕಾಯಿಲೆಯವರನ್ನು ಗುಣಪಡಿಸು ತಂದೆಯೇ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಸುಗುಣಕ್ಕ ಅಷ್ಟಕ್ಕೆ ಬಿಡುವವರಲ್ಲ. ಕಾಯಿಲೆಯವರ ಹೆಸರು, ವಯಸ್ಸು, ಯಾವ ಆಸ್ಪತ್ರೆ, ಯಾವ ವಾರ್ಡು, ಶುಗರ್ ಎಷ್ಟಿದೆ, ನಿನ್ನೆ ಊಟ ಸೇರಿತೋ ಇಲ್ಲವೋ, ಎಲ್ಲವನ್ನೂ ಒಪ್ಪಿಸಿದ ಮೇಲೆಯೇ ಆಮೆನ್. ಜೀವಮಾನವಿಡೀ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಡ್ಯೂಟಿ ಬದಲಾಗುವಾಗ ಮುಂದಿನ ಪಾಳಿಯವರಿಗೆ ಒಬ್ಬೊಬ್ಬ ರೋಗಿಯ ವಿವರವನ್ನೂ ಬಾಯಲ್ಲಿ ಒಪ್ಪಿಸಿ ಹೋಗುವುದು ಆ ಕೆಲಸದ ಕ್ರಮ. ನಿವೃತ್ತಿಯಾದ ಮೇಲೆ ಒಪ್ಪಿಸಿಕೊಳ್ಳಲು ಮುಂದಿನ ಪಾಳಿ ಎಲ್ಲಿಂದ ಬರಬೇಕು? ದೇವರಿಗೇ ಒಪ್ಪಿಸತೊಡಗಿದರು. ಇವಳು ಹೇಳದಿದ್ದರೆ ಮೇಲಿರುವವನಿಗೆ ಬೆಡ್ ನಂಬರ್ ಗೊತ್ತಾಗುವುದಿಲ್ಲ ಎಂದು ಗಂಡ ಎಡ್ವಿನಣ್ಣ ತಮಾಷೆ ಮಾಡುತ್ತಿದ್ದರು.

ಸುಗುಣಕ್ಕ ಹುಟ್ಟಿದ್ದು ಮಲ್ಪೆಯ ಹತ್ತಿರ. ಅಜ್ಜನ ಕಾಲದಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆ ಸೇರಿ ಕ್ರೈಸ್ತರಾದ ಮನೆತನ. ನರ್ಸಿಂಗ್ ಕಲಿಯಲು ಮದ್ರಾಸಿಗೆ ಬಂದವರು ರೈಲ್ವೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದ ಎಡ್ವಿನಣ್ಣನನ್ನು ಮದುವೆಯಾಗಿ ಇಲ್ಲಿಯೇ ಉಳಿದರು. ಮದ್ರಾಸು ಚೆನ್ನೈ ಆಯಿತು, ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವಂತಾದರು. ಸುಗುಣಕ್ಕ ಮಾತ್ರ ಕರಾವಳಿಯ ಕನ್ನಡ ಕಿವಿಗೆ ಬಿದ್ದರೆ ಬಸ್ಸು ಬಿಟ್ಟಾದರೂ ನಿಂತು ಮಾತಾಡುವರು. ತಾಂಬರಂನ ಕನ್ನಡ ಫೆಲೋಶಿಪ್ ಹುಟ್ಟಿದ್ದೂ ಹೀಗೆಯೇ. ಅಲ್ಲೊಂದು ಇಲ್ಲೊಂದು ಇದ್ದ ಕನ್ನಡ ಕ್ರೈಸ್ತ ಮನೆಗಳನ್ನು ಸುಗುಣಕ್ಕ ಹುಡುಕಿ ತೆಗೆದು, ತಿಂಗಳಿಗೊಮ್ಮೆ ಒಂದೆಡೆ ಕೂರಿಸಿ, ಹಾಡಿಸಿ, ಬೈದು, ಊಟ ಹಾಕಿಸಿ ಕಳಿಸುತ್ತಿದ್ದರು. ಬರದವರಿಗೆ ಫೋನು ಮಾಡಿ ಯಾವ ಕಾಯಿಲೆ ಎಂದು ಕೇಳುತ್ತಿದ್ದರು. ಕಾಯಿಲೆ ಇಲ್ಲದವರು ಬರದೆ ಇರಬಹುದು ಎಂಬುದು ಅವರ ತಲೆಗೆ ಹೊಳೆಯುತ್ತಲೇ ಇರಲಿಲ್ಲ.

ಇಂಥವರ ಕೈಗೆ ಒಂದು ಕ್ಯಾರವಾನ್ ಸಿಕ್ಕಿದರೆ ಕೇಳಬೇಕೆ? ಚೆನ್ನೈಯಲ್ಲಿ ಕ್ಯಾರವಾನ್ ಎಂದರೆ ಸಿನಿಮಾ ನಟರು ಶೂಟಿಂಗ್ ನಡುವೆ ಬಟ್ಟೆ ಬದಲಿಸಿ ಮಲಗುವ ಗಾಡಿ. ಅಂಥದೊಂದು ಹಳೆಯ ಗಾಡಿ ಕೋಡಂಬಾಕ್ಕಂನ ಶೆಡ್ಡಿನಲ್ಲಿ ತುಕ್ಕು ಹಿಡಿದು ನಿಂತಿದ್ದನ್ನು ಎಡ್ವಿನಣ್ಣ ಕೊಂಡು ತಂದರು. ಇನ್ನು ಆಯುಷ್ಯವಿಡೀ ಮನೆಯಲ್ಲಿ ಕುಳಿತು ಸುಗುಣಾಳ ಮಾತು ಕೇಳುವುದಕ್ಕಿಂತ ಗಾಡಿಯ ವೈರು ಬಿಚ್ಚಿ ಕಟ್ಟುವುದು ಲೇಸು ಎಂದು ಅವರಿಗೆ ಅನಿಸಿರಬೇಕು. ಒಳಗೆ ಗ್ಯಾಸ್ ಒಲೆ ಬಂತು, ನೀರಿನ ಟ್ಯಾಂಕು ಬಂತು, ಔಷಧಿಯ ಕಪಾಟು ಬಂತು. ಸುತ್ತ ಬಲ್ಬುಗಳಿದ್ದ ನಟಿಯರ ದೊಡ್ಡ ಕನ್ನಡಿಯನ್ನು ಮಾತ್ರ ತೆಗೆಯಲಾಗಲಿಲ್ಲ, ತೆಗೆದರೆ ಗೋಡೆಯೇ ಬರುತ್ತಿತ್ತು. ಹಾಗಾಗಿ ಅಡಿಗೆ ಮಾಡುವವರು ತಮ್ಮ ಮುಖವನ್ನು ತಾವೇ ನೋಡುತ್ತ ಮಾಡಬೇಕು.

ಫೆಲೋಶಿಪ್ಪಿನವರು ಆ ಗಾಡಿಯಲ್ಲಿ, ಹಿಂದೊಂದು ವ್ಯಾನಿನಲ್ಲಿ, ಕೆರೆ ಕಾಡು ಹುಡುಕಿಕೊಂಡು ಹೋಗುತ್ತಿದ್ದರು. ತಾಳೆಮರಗಳ ನೆರಳಿನಲ್ಲಿ ಗಾಡಿ ನಿಲ್ಲಿಸಿ ಎರಡು ಮೂರು ದಿನ ಬಿಡಾರ. ಬೆಳಿಗ್ಗೆ ಹಾಡು, ಬೈಬಲ್ ವಾಕ್ಯ. ಆಮೇಲೆ ಸುತ್ತಲಿನ ಇರುಳ ಬುಡಕಟ್ಟಿನವರ ಹಾಡಿಗಳಿಗೆ ಹೋಗಿ ಬಿಪಿ ನೋಡುವುದು, ಹುಣ್ಣು ತೊಳೆದು ಕಟ್ಟುವುದು, ಓದುವ ಕನ್ನಡಕ ಕೊಡುವುದು. ಕೇಳಿದವರಿಗೆ ಯೇಸುವಿನ ಮಾತು, ಕೇಳದವರಿಗೆ ಬರೀ ಮಾತ್ರೆ. ಈ ವಿಷಯದಲ್ಲಿ ಸುಗುಣಕ್ಕ ಕಟ್ಟುನಿಟ್ಟು. ಮಾತ್ರೆ ಕೊಡುವಾಗ ಉಪದೇಶ ಬೆರೆಸಬಾರದು, ಎರಡೂ ಕೆಲಸ ಮಾಡುವುದಿಲ್ಲ ಎನ್ನುತ್ತಿದ್ದರು. ಡಾಕ್ಟರಿಗೂ ತೋರಿಸದ ಗಾಯವನ್ನು ಹಾಡಿಯ ಹೆಂಗಸರು ಇವರಿಗೆ ತೋರಿಸುತ್ತಿದ್ದರು. ಮುಖ ಸಿಂಡರಿಸದೆ ಕೈ ಹಾಕುವವರು ಯಾರೆಂದು ಅವರಿಗೆ ಕಂಡರೆ ಗೊತ್ತಾಗುತ್ತಿತ್ತು. ಸುಗುಣಕ್ಕ ಒಳ್ಳೆಯವರು. ಮುಂದೆ ನಡೆದದ್ದನ್ನು ಓದುವಾಗ ಇದನ್ನು ಮರೆಯಬಾರದು.

ರತ್ನಾವತಿ ಸಿಕ್ಕಿದ್ದು ಮೈಲಾಪೂರಿನಲ್ಲಿ, ಒಂದು ಉಡುಪಿ ಹೋಟೆಲಿನ ಹಿತ್ತಲಲ್ಲಿ. ಕಣ್ಣಿನ ಡಾಕ್ಟರನ್ನು ಕಂಡು ಬರುತ್ತಿದ್ದ ಸುಗುಣಕ್ಕನ ಕಿವಿಗೆ ಹಿಂಬಾಗಿಲಿನಿಂದ ಕುಂದಾಪುರದ ಕನ್ನಡ ಬಿತ್ತು. ಬೂದುಗುಂಬಳ ಹೆಚ್ಚುತ್ತಿದ್ದ ಹೆಂಗಸೊಬ್ಬಳು ತರಕಾರಿಯವನಿಗೆ ಅವನಿಗೆ ಅರ್ಥವಾಗದ ಭಾಷೆಯಲ್ಲಿ ಬೈಯುತ್ತಿದ್ದಳು. ಸುಗುಣಕ್ಕ ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಆ ದಿನದಿಂದ ರತ್ನಾವತಿ ಅವರ ರತ್ನ, ಇವರು ಅವಳ ಸುಗುಣಕ್ಕ. ರತ್ನಾವತಿಯ ಗಂಡ ಬಾಬು ಅದೇ ಹೋಟೆಲಿನ ಸರಕು ಮಾಸ್ಟರ್. ಸಾಂಬಾರು, ಸಾರು, ಪಲ್ಯ, ಗೊಜ್ಜು ಎಲ್ಲ ಅವನ ಕೈಯದು. ಬಾಬು ಮಾಸ್ಟರನ ಸಾಂಬಾರಿಗೆಂದು ದೂರದ ಬೀದಿಗಳಿಂದ ಜನ ಹಿಡಿಕೆಯ ತೂಕುಪಾತ್ರೆ ಹಿಡಿದು ಬರುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಹೊಗಳಿದರೆ ಒಲೆಯ ಕಡೆ ತಿರುಗಿ ನಿಲ್ಲುತ್ತಿದ್ದ.

ಆ ವರ್ಷ ಮಾರ್ಚಿನಲ್ಲಿ ಫೆಲೋಶಿಪ್ಪಿನವರು ಮಧುರಾಂತಕದ ಕೆರೆಯ ಕಡೆ ಹೊರಟರು. ಈಸ್ಟರಿಗೆ ಮುಂಚಿನ ಲೆಂಟ್ ವಾರಗಳು. ಮೀನು ಮಾಂಸ ಮುಟ್ಟುವುದಿಲ್ಲ. ಮೀನಿಲ್ಲದ ಅಡಿಗೆಯನ್ನು ರುಚಿಯಾಗಿ ಮಾಡಲು ಅವರಲ್ಲಿ ಒಬ್ಬರಿಗೂ ಬಾರದು. ಅದೇ ಹೊತ್ತಿಗೆ ಹೋಟೆಲಿನ ಅಡಿಗೆಮನೆಯ ನೆಲಕ್ಕೆ ಹೊಸ ಕಲ್ಲು ಹಾಸುವುದಕ್ಕೆಂದು ಕೆಲವು ದಿನ ಬಾಗಿಲು ಹಾಕಿದ್ದರು. ಗಂಡಹೆಂಡತಿ ಇಬ್ಬರೂ ಬನ್ನಿ, ಕೆರೆಯ ಗಾಳಿ ತಿಂದು ಹೋಗಿ ಎಂದು ಸುಗುಣಕ್ಕ ಕರೆದರು. ರತ್ನಾವತಿಯ ನೆಂಟರು ಎಚ್ಚರಿಸಿದರಂತೆ, ಹೋದವಳು ಹೆಸರು ಬದಲಾಯಿಸಿಕೊಂಡು ಬರಬೇಡ ಎಂದು. ರತ್ನಾವತಿ ನಕ್ಕು ತನ್ನ ಕಲ್ಲಿನ ಮರಿಗೆ ಪಾತ್ರೆ, ತನ್ನ ಸೌಟು ಕಟ್ಟಿಕೊಂಡು ಬಂದಳು. ಬಾಬು ಬರಲಿಲ್ಲ.

ಮಾಸ್ಟರ್ ಯಾಕೆ ಬರಲಿಲ್ಲ ಎಂದು ಸುಗುಣಕ್ಕ ದಾರಿಯುದ್ದಕ್ಕೂ ಕೇಳಿದರು. ಗಾಡಿ ನಿಂತ ಮೇಲೂ ಕೇಳಿದರು. ಉಳಿದವರೆಲ್ಲ ನೀರಿನಂಚಿಗೆ ಬೆಳ್ಳಕ್ಕಿಗಳನ್ನು ನೋಡಲು ಹೋಗಿದ್ದರು. ಗಾಡಿಯೊಳಗೆ ಇಬ್ಬರೇ. ರತ್ನಾವತಿ ಕನ್ನಡಿಯೆದುರು ನಿಂತು ತೆಂಗಿನಕಾಯಿ ತುರಿಯುತ್ತಿದ್ದಳು. ಒಬ್ಬನೇ ಮನೆಯಲ್ಲಿ ಕುಳಿತು ಏನು ಮಾಡುತ್ತಾನೆ, ಇಲ್ಲಿ ಒಂದು ಸಾಂಬಾರು ಮಾಡಿ ಹಾಕಿದ್ದರೆ ನಮಗೆಲ್ಲ ಹಬ್ಬವಾಗುತ್ತಿತ್ತು ಎಂದು ಸುಗುಣಕ್ಕ ಮೂರನೆಯ ಸಲವೋ ನಾಲ್ಕನೆಯ ಸಲವೋ ಹೇಳಿದಾಗ ಅವಳ ಕೈ ನಿಂತಿತು. ಕನ್ನಡಿಯಲ್ಲಿ ಅವಳ ಮುಖ ಅಳುತ್ತಿತ್ತು.

"ಅವ್ರಿಗೆ ಮೂಗೇ ಇಲ್ಲೆ, ಸುಗುಣಕ್ಕ. ಕೊರೊನಾ ಬಂದದ್ದ್ ತಕಂಡ್ ಹೋಯ್ತ್. ಒಗ್ಗರಣಿ ಕರಟಿ ಹೋರೂ ಅವ್ರಿಗ್ ಗೊತ್ತಾತಿಲ್ಲೆ."

ನರ್ಸ್ ಸುಗುಣಕ್ಕನಿಗೆ ಇದು ಹೊಸದಲ್ಲ. ವಾಸನೆ ಹೋಗಿ ವರ್ಷಗಟ್ಟಲೆ ಬಾರದವರನ್ನು ಅವರು ಕಂಡಿದ್ದರು. ಆದರೆ ಸರಕು ಮಾಸ್ಟರನಿಗೆ ಮೂಗು ಹೋದರೆ ಉಳಿಯುವುದೇನು? ಅದರಲ್ಲೂ ಆ ಹೋಟೆಲಿನಲ್ಲಿ. ಅಲ್ಲಿ ಈಗಲೂ ಹಳೆಯ ಕ್ರಮ. ಮಾಡಿದ್ದೆಲ್ಲ ಮೊದಲು ಒಲೆಯ ಮೇಲಿನ ಗೂಡಿನಲ್ಲಿರುವ ಕೃಷ್ಣನಿಗೆ ನೈವೇದ್ಯವಾಗಬೇಕು, ಆಮೇಲೆಯೇ ಗಿರಾಕಿಗೆ. ನೈವೇದ್ಯಕ್ಕೆ ಮುಂಚೆ ಅಡಿಗೆಯವನು ರುಚಿ ನೋಡುವಂತಿಲ್ಲ; ನೋಡಿದರೆ ದೇವರಿಗೆ ಎಂಜಲು ಇಟ್ಟಂತೆ. ಉಪ್ಪು ಹುಳಿ ಎಲ್ಲವನ್ನೂ ಅವನು ಮೂಗಿನಿಂದಲೇ ಹೇಳಬೇಕು. ಬಾಬು ಮಾಸ್ಟರ್ ಹೆಸರು ಮಾಡಿದ್ದೇ ಆ ಮೂಗಿನಿಂದ.

ಹಾಗಾದರೆ ಇಷ್ಟು ವರ್ಷ ಹೇಗೆ ನಡೆಯಿತು ಎಂದು ಸುಗುಣಕ್ಕ ಕೇಳಿದರು. ರತ್ನಾವತಿ ಮೆಲ್ಲಗೆ ಹೇಳಿದಳು. ಬೆಳಗಾಗುವ ಮೊದಲು ತರಕಾರಿ ಹೆಚ್ಚುವ ನೆಪದಲ್ಲಿ ಅವಳು ಒಳಗೆ ಹೋಗುತ್ತಾಳೆ. ಬಾಬು ಅವಳ ಅಂಗೈಗೆ ಎರಡು ಹನಿ ಸಾಂಬಾರು ಬಿಡುತ್ತಾನೆ. ಅವಳು ಸೆರಗು ಮುಂದೆ ಎಳೆದುಕೊಂಡರೆ ಉಪ್ಪು ಸಾಲದು, ತಲೆಗೂದಲು ಹಿಂದೆ ಸರಿಸಿದರೆ ಹುಳಿ ಹೆಚ್ಚು. ಆಮೇಲೆ ನೈವೇದ್ಯ. ಧಣಿ ವಿಷ್ಣುತೀರ್ಥರು ಮಡಿಯುಟ್ಟು ಬಂದು ಕೃಷ್ಣನ ಮುಂದೆ ಬಾಳೆಲೆ ಇಟ್ಟು ಕಣ್ಣು ಮುಚ್ಚುತ್ತಾರೆ.

"ಇಷ್ಟ್ ವರ್ಷ ದೇವ್ರಿಗೆ ನನ್ ಎಂಜಲೇ ಇಟ್ಟದ್ದ್. ನಮ್ಮೋರ್ ಯಾರತ್ರ ಹೇಳೂಕಾತ್ತ್? ಅದ್ಕೇ ನಿಮ್ಮತ್ರ ಹೇಳ್ದೆ. ಯಾರಿಗೂ ಹೇಳ್ಬೇಡಿ ಅಕ್ಕ."

ಸೌಟು ಬಾಯಿಗೆ ತಾಗಿಸಲಿಲ್ಲವಲ್ಲ, ಅಂಗೈಯಲ್ಲಿ ನೆಕ್ಕಿದರೆ ಎಂಜಲು ಹೇಗಾಗುತ್ತದೆ ಮಾರಾಯ್ತಿ ಎಂದು ಸುಗುಣಕ್ಕ ಸಮಾಧಾನ ಹೇಳಿದರು. ಅವರ ಮಟ್ಟಿಗೆ ಕಾಯಿಲೆ ಎಂದರೆ ಬಾಬುವಿನ ಮೂಗು. ರತ್ನಾವತಿಯದು ಬರೀ ಕೊರಗು, ಕೆರೆಯ ಗಾಳಿ ತಾಗಿದರೆ ಹೋಗುತ್ತದೆ ಎಂದುಕೊಂಡರು. ಅವಳ ಬೆನ್ನು ಸವರಿ, ನನ್ನ ಬಾಯಿಂದ ಹೊರಗೆ ಹೋಗುವುದಿಲ್ಲ ಎಂದು ಮಾತು ಕೊಟ್ಟರು. ಕೊಡುವಾಗ ಅವರ ಮನಸ್ಸಿನಲ್ಲಿ ಒಂದಿಷ್ಟೂ ಕಪಟವಿರಲಿಲ್ಲ.

ಸಂಜೆ ಕೆರೆಯ ಏರಿಯ ಕೆಳಗೆ ಚಾಪೆ ಹಾಸಿ ಎಲ್ಲರೂ ಕುಳಿತರು. ಬಿಸಿಲು ಇಳಿದು ನೀರಿನ ಮೇಲಿಂದ ತಣ್ಣಗೆ ಗಾಳಿ ಬರುತ್ತಿತ್ತು. ರತ್ನಾವತಿ ಆಚೆ ಗಾಡಿಯ ಬದಿಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹಾಡಾಯಿತು. ಇನ್ನು ಪ್ರಾರ್ಥನೆಯ ವಿಷಯಗಳಿದ್ದರೆ ಹೇಳಿ ಎಂದು ನಿವೃತ್ತ ಬ್ಯಾಂಕ್ ಮ್ಯಾನೇಜರ್ ಸಾಲಿನ್ಸ್ ಎಂದಿನಂತೆ ಕೇಳಿದರು. ಫೆಲೋಶಿಪ್ಪಿನ ಪದ್ಧತಿ ಅದು. ಯಾರಿಗೆ ಏನು ಕಷ್ಟ ಎಂದು ಒಬ್ಬೊಬ್ಬರೂ ಹೇಳಬೇಕು, ಆಮೇಲೆ ಎಲ್ಲರೂ ಸೇರಿ ಅದನ್ನು ದೇವರ ಮುಂದೆ ಇಡಬೇಕು. ಮೊಮ್ಮಗಳ ಪರೀಕ್ಷೆ, ಮೊಣಕಾಲು ನೋವು, ಮಾರಾಟವಾಗದ ಸೈಟು ಎಲ್ಲ ಬಂದು ಹೋದವು. ಸುಗುಣಕ್ಕನ ಸರದಿ ಬಂತು.

ರತ್ನಾವತಿಗೆ ಮಾತು ಕೊಟ್ಟದ್ದು ನೆನಪಿತ್ತು. ಆದರೆ ಮಾತು ಕೊಟ್ಟದ್ದು ಜನರಿಗೆ ಹೇಳುವುದಿಲ್ಲ ಎಂದಲ್ಲವೆ? ಇದು ಜನರಿಗೆ ಹೇಳುವುದಲ್ಲ, ದೇವರಿಗೆ. ಇವರೆಲ್ಲ ಕೇಳಿಸಿಕೊಳ್ಳುವುದು ಪ್ರಾರ್ಥಿಸುವುದಕ್ಕೆ ಮಾತ್ರ. ವಿವರ ಗೊತ್ತಿಲ್ಲದೆ ಪ್ರಾರ್ಥಿಸಿದರೆ ಹೆಸರು ಬರೆಯದೆ ರಕ್ತ ಪರೀಕ್ಷೆಗೆ ಕಳಿಸಿದ ಹಾಗೆ. ಹೀಗೆ ತಮಗೆ ತಾವೇ ಹೇಳಿಕೊಂಡು ಸುಗುಣಕ್ಕ ದನಿ ತಗ್ಗಿಸಿ ಶುರು ಮಾಡಿದರು. ಬಾಬು, ಮೈಲಾಪೂರಿನ ಇಂಥ ಹೋಟೆಲಿನ ಸರಕು ಮಾಸ್ಟರ್, ವಯಸ್ಸು ಅರವತ್ತರ ಆಸುಪಾಸು, ಕೊರೊನಾದಲ್ಲಿ ವಾಸನೆ ಪೂರ್ತಿ ಹೋಗಿದೆ, ಯಾವ ಔಷಧಿಗೂ ಬಗ್ಗಿಲ್ಲ, ಧಣಿಗೆ ಗೊತ್ತಿಲ್ಲ, ಗೊತ್ತಾದರೆ ಒಲೆ ಬಿಡಬೇಕಾಗುತ್ತದೆ. ಎಂಜಲಿನ ಮಾತು ಎತ್ತಲಿಲ್ಲ, ಅದು ಕಾಯಿಲೆಯಲ್ಲವಲ್ಲ. ಎಲ್ಲರೂ ಅಯ್ಯೋ ಪಾಪ ಎಂದರು. ಸಾಲಿನ್ಸ್ ಕಣ್ಣೊರೆಸಿಕೊಂಡು ಬಹಳ ಹೊತ್ತು ಪ್ರಾರ್ಥಿಸಿದರು. ಪಾತ್ರೆಯ ಸದ್ದಿನಲ್ಲಿ ರತ್ನಾವತಿಗೆ ಏನೂ ಕೇಳಿಸಲಿಲ್ಲ. ಆ ರಾತ್ರಿ ಅವಳು ಎಲ್ಲರಿಗೂ ಹುರುಳಿ ಸಾರು ಬಡಿಸಿದಳು, ಎಲ್ಲರೂ ಅವಳನ್ನು ಎಂದಿಗಿಂತ ಅಕ್ಕರೆಯಿಂದ ಮಾತಾಡಿಸಿದರು. ಇವರೆಲ್ಲ ಎಷ್ಟು ಒಳ್ಳೆಯವರು ಎಂದು ಅವಳು ಸುಗುಣಕ್ಕನ ಹತ್ತಿರ ಹೇಳಿದಳು.

ಸಾಲಿನ್ಸ್ ಕೂಡ ಒಳ್ಳೆಯವರೇ. ಯಾರಿಗಾಗಿ ಪ್ರಾರ್ಥಿಸಿದ್ದಾರೋ ಅವರನ್ನು ಕಂಡು ವಿಚಾರಿಸದಿದ್ದರೆ ಅವರಿಗೆ ನಿದ್ದೆ ಬಾರದು. ಹೋಟೆಲು ಮತ್ತೆ ತೆರೆದ ವಾರ ಮೈಲಾಪೂರಿಗೆ ಹೋಗಿ, ಊಟ ಮಾಡಿ, ಕೈ ತೊಳೆದು, ಅಡಿಗೆಮನೆಯ ಕಿಟಕಿಯ ಬಳಿ ನಿಂತು ಬಾಬುವನ್ನು ಕರೆದರು. ನಾವೆಲ್ಲ ನಿಮ್ಮ ಮೂಗಿಗಾಗಿ ಪ್ರಾರ್ಥನೆ ಮಾಡುತ್ತಿದ್ದೇವೆ, ವಾಸನೆ ಸ್ವಲ್ಪವಾದರೂ ಮರಳಿತೆ ಎಂದು ಕೇಳಿದರು. ಸಾಲಿನ್ಸರಿಗೆ ಕಿವಿ ಮಂದ. ಕಿವಿ ಮಂದವಿರುವವರ ದನಿ ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಾಗಿಲ್ಲ. ಗಲ್ಲಾದಲ್ಲಿದ್ದ ವಿಷ್ಣುತೀರ್ಥರು ತಲೆಯೆತ್ತಿದರು. ಬಡಿಸುವವರು ನಿಂತರು. ಬಾಬು ಒಲೆಯ ಕಡೆ ತಿರುಗಿಕೊಂಡ.

ಮೂರು ದಿನ ಬಿಟ್ಟು ಈ ಸುದ್ದಿಯನ್ನು ಸಾಲಿನ್ಸರೇ ಸಂತೋಷದಿಂದ ಸುಗುಣಕ್ಕನಿಗೆ ಫೋನಿನಲ್ಲಿ ತಿಳಿಸಿದರು, ನಿಮ್ಮ ಮಾಸ್ಟರನ್ನು ಕಂಡು ಧೈರ್ಯ ಹೇಳಿ ಬಂದೆ ಎಂದು. ಸುಗುಣಕ್ಕ ಫೋನು ಹಿಡಿದುಕೊಂಡೇ ಕುಳಿತುಬಿಟ್ಟರು. ನಾಚಿಕೆ ಎಂದರೆ ಏನೆಂದು ಆ ವಯಸ್ಸಿನಲ್ಲಿ ಅವರಿಗೆ ಹೊಸದಾಗಿ ಗೊತ್ತಾಯಿತು. ನಡುಮನೆಯಲ್ಲಿ ಒಬ್ಬರೇ ಇದ್ದರೂ ಯಾರೋ ನೋಡುತ್ತಿದ್ದಾರೆ ಎನಿಸಿ ಎದ್ದು ಕೋಣೆಗೆ ಹೋದರು. ರತ್ನಾವತಿಗೆ ಫೋನು ಮಾಡಿದರೆ ಅವಳು ಎತ್ತಲಿಲ್ಲ. ಮತ್ತೆ ಮಾಡಿದರು, ಎತ್ತಲಿಲ್ಲ. ಎಡ್ವಿನಣ್ಣ ಕೇಳಿದ್ದಕ್ಕೆ ತಲೆನೋವು ಎಂದರು. ರೋಗಿಯ ಗುಟ್ಟನ್ನು ನೆಂಟರಿಗೆ ಹೇಳಿದರೆಂದು ಎಷ್ಟು ಎಳೆಯ ನರ್ಸುಗಳನ್ನು ಇದೇ ಸುಗುಣಕ್ಕ ಅಳಿಸಿರಲಿಲ್ಲ?

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ತಪ್ಪು ಮಾಡಿದ ಸುಗುಣಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎಲ್ಲಿ ಕೆಟ್ಟಿತೋ ಅಲ್ಲಿ ಹೋಗಿ ಸರಿ ಮಾಡಬೇಕು, ಅದೂ ಇವತ್ತೇ. ರತ್ನಾವತಿಯನ್ನು ಕೇಳಿ ಹೋಗೋಣ ಎಂದೂ ಕಾಯಲಿಲ್ಲ. ಅವಳ ಮುಖ ನೋಡುವ ಮೊದಲು ಎಲ್ಲವೂ ಸರಿಹೋಗಿರಲಿ ಎಂಬ ಆಸೆ. ಎಲೆಕ್ಟ್ರಿಕ್ ಟ್ರೈನು ಹತ್ತಿ, ಮಾಂಬಲಂನಲ್ಲಿ ಇಳಿದು, ಬಸ್ಸು ಹಿಡಿದು ನೇರ ಹೋಟೆಲಿಗೆ ಹೋಗಿ ವಿಷ್ಣುತೀರ್ಥರ ಗಲ್ಲಾದ ಎದುರು ನಿಂತರು.

ವಿಷ್ಣುತೀರ್ಥರು ಅವರನ್ನು ಒಳಗೆ ಕೂರಿಸಿ ಕಾಫಿ ತರಿಸಿದರು. ಬಾಬುವಿನ ಮಾತು ಎತ್ತಿದ ಕೂಡಲೆ ತಾವೇ ಹೇಳಿದರು. ಕೇಳಿ ಎದೆ ಧಸಕ್ಕೆಂದದ್ದು ನಿಜ, ಬೇರೆ ಮಾಸ್ಟರನನ್ನು ನೋಡಬೇಕೇನೋ ಎಂದು ಎರಡು ದಿನ ಯೋಚನೆಯಾಗಿತ್ತು. ಆಮೇಲೆ ಅವರಿಗೇ ಅನಿಸಿತಂತೆ, ಇಷ್ಟು ವರ್ಷ ಸಾಂಬಾರಿನ ರುಚಿ ಒಂದು ದಿನವೂ ತಪ್ಪಿಲ್ಲ, ಒಬ್ಬ ಗಿರಾಕಿಯೂ ದೂರಲಿಲ್ಲ. ಮೂಗಿಲ್ಲದವನ ಕೈಯಲ್ಲಿ ಹಾಗೆ ಆಗಬೇಕಾದರೆ ಅದು ಅವನ ಕೈಯಲ್ಲ. ಕೃಷ್ಣನೇ ಅವನ ಕೈ ಹಿಡಿದು ಮಾಡಿಸುತ್ತಿದ್ದಾನೆ. ಅಂಥವನನ್ನು ಒಲೆಯಿಂದ ಇಳಿಸಲು ನಾನು ಯಾರು, ಇವತ್ತು ಬೆಳಿಗ್ಗೆಯೇ ಬಾಬುವಿಗೆ ಹಾಗೆಂದು ಹೇಳಿಬಿಟ್ಟೆ ಎಂದರು. ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು.

ಕಾಫಿ ಕುಡಿದು, ಕೈ ಮುಗಿದು, ಎದ್ದು ಬಂದಿದ್ದರೆ ಮುಗಿಯುತ್ತಿತ್ತು. ಬಾಬುವಿನ ಒಲೆ ಬಾಬುವಿಗೆ ಸಿಕ್ಕಾಗಿತ್ತು. ಆದರೆ ಸುಗುಣಕ್ಕನ ಬಾಯಿ ತೆರೆಯಿತು.

"ಕೈ ಯಾರೂ ಹಿಡೀಲಿಲ್ಲ, ಸ್ವಾಮಿ. ಅದೆಲ್ಲ ರತ್ನನ ನಾಲಗೆ. ಪಾಪ, ದಿನಾ ಬೆಳಿಗ್ಗೆ ಬಂದು ರುಚಿ ನೋಡಿ ಅವಳೇ ಹೇಳುದು."

ಹೊಗಳುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ಇಂಥ ಹೆಂಡತಿ ಯಾರಿಗಿದ್ದಾಳೆ ಎಂದೂ ಸೇರಿಸಿದರು. ವಿಷ್ಣುತೀರ್ಥರು ಬೆಳಿಗ್ಗೆ ಯಾವಾಗ ಎಂದು ಕೇಳಿದರು. ಆ ಪ್ರಶ್ನೆ ಬಂದ ಮೇಲೆಯೇ ಸುಗುಣಕ್ಕನಿಗೆ ತಾನು ಏನು ಹೇಳಿದೆನೆಂದು ತಿಳಿದದ್ದು. ಕನ್ನಡಿಯಲ್ಲಿ ಅಳುತ್ತಿದ್ದ ಮುಖ ಕಣ್ಣಮುಂದೆ ಬಂತು. ಏನೋ ತೊದಲಿದರು, ಅಂಗೈಯಲ್ಲಿ, ಎರಡೇ ಹನಿ, ಸೌಟು ತಾಗಿಸುವುದಿಲ್ಲ ಎಂದೆಲ್ಲ. ಪ್ರತಿಯೊಂದು ಮಾತೂ ಹೇಳಿದ್ದನ್ನು ಇನ್ನಷ್ಟು ಗಟ್ಟಿ ಮಾಡಿತು. ವಿಷ್ಣುತೀರ್ಥರು ಜೋರು ಮಾಡಲಿಲ್ಲ. ಒಲೆಯ ಮೇಲಿನ ಗೂಡಿನ ಕಡೆ ನೋಡಿ ಹೇಳಿದರು.

"ಇದು ನನಗೆ ಗೊತ್ತಾಗದೆ ಇದ್ದಿದ್ರೆ ಆಗ್ತಿತ್ತು, ಅಮ್ಮ. ಈಗ ನಾನು ಅವನ ಎದುರು ಹೇಗೆ ನಿಲ್ಲುದು?"

ಅಡಿಗೆಮನೆಗೆ ಶುದ್ಧಿ ಮಾಡಿಸಿದರು. ಬಾಬುವಿಗೂ ರತ್ನಾವತಿಗೂ ಕೆಟ್ಟ ಮಾತು ಆಡದೆ, ಕೊಡಬೇಕಾದ್ದನ್ನು ಕೊಟ್ಟು, ಇಬ್ಬರಿಗೂ ಧೋತರ ಸೀರೆ ಕೊಟ್ಟು ಕಳಿಸಿದರು. ಹೋಗುವಾಗ ಬಾಬು ಧಣಿಯ ಕಾಲು ಮುಟ್ಟಲು ಬಗ್ಗಿದನಂತೆ, ಧಣಿ ಹಿಂದೆ ಸರಿದರಂತೆ. ಬಡಿಸುವವರು ಇದನ್ನು ಬಹಳ ದಿನ ಮಾತಾಡಿಕೊಂಡರು.

ಆಮೇಲಿನ ದಿನಗಳಲ್ಲಿ ಸುಗುಣಕ್ಕ ಮನೆಯಿಂದ ಹೊರಬೀಳಲಿಲ್ಲ. ಕೆರೆಯ ಬಳಿ ಬಾಯಿ ಬಿಟ್ಟದ್ದಕ್ಕೆ ಒಂದು ನೆಪವಿತ್ತು, ಪ್ರಾರ್ಥನೆ ಎಂಬ ನೆಪ. ಹೋಟೆಲಿನಲ್ಲಿ ಬಾಯಿ ಬಿಟ್ಟದ್ದಕ್ಕೆ ಏನು ನೆಪ? ಅದನ್ನು ಯೋಚಿಸಿದಾಗೆಲ್ಲ ಅವರಿಗೆ ಇನ್ನೂ ಒಂದು ಸಂಗತಿ ಕಾಣುತ್ತಿತ್ತು, ಅದೇ ಅವರನ್ನು ಹೆಚ್ಚು ಸುಟ್ಟದ್ದು. ಕೃಷ್ಣ ಕೈ ಹಿಡಿದ ಎಂದು ವಿಷ್ಣುತೀರ್ಥರು ಹೇಳಿದಾಗ ಒಳಗೆಲ್ಲೋ ಒಂದು ಚೂರು ಕಸಿವಿಸಿಯಾಗಿತ್ತು. ಪ್ರಾರ್ಥಿಸಿದ್ದು ನಾವು, ದುಡಿದದ್ದು ರತ್ನ, ಹೊಗಳಿಕೆ ಮಾತ್ರ ಗೂಡಿನಲ್ಲಿರುವವನಿಗೆ ಎಂದು. ಆ ಒಂದು ಚೂರನ್ನು ನುಂಗಿಕೊಂಡಿದ್ದರೆ ಬಾಬು ಇವತ್ತಿಗೂ ಒಲೆಯ ಮುಂದಿರುತ್ತಿದ್ದ. ಹಾಡಿಯ ಹುಣ್ಣುಗಳಿಗೆ ಉಪದೇಶ ಬೆರೆಸಬೇಡಿ ಎಂದು ಇತರರಿಗೆ ಪಾಠ ಹೇಳಿದ ಬಾಯಿ ಇದೇ ಅಲ್ಲವೆ ಎಂದು ಅವರಿಗೆ ತಮ್ಮ ಬಗ್ಗೆಯೇ ಅಸಹ್ಯವಾಯಿತು.

ಕೊನೆಗೆ ಒಂದು ಮಧ್ಯಾಹ್ನ, ಎಡ್ವಿನಣ್ಣ ಮಲಗಿದ್ದಾಗ, ಯಾರಿಗೂ ಹೇಳದೆ ಮೈಲಾಪೂರಿಗೆ ಹೋದರು. ರತ್ನಾವತಿಯ ಮನೆ ಹಳೆಯ ಫ್ಲ್ಯಾಟೊಂದರ ಮೇಲಿನ ಮಹಡಿ. ಅವಳು ಬಾಗಿಲು ತೆರೆದಳು, ಕಂಡೂ ಮುಚ್ಚಲಿಲ್ಲ. ಕುಡಿಯಲು ನೀರು ಕೊಟ್ಟಳು. ಬಾಬು ಮನೆಯಲ್ಲಿರಲಿಲ್ಲ. ಶೋಳಿಂಗನಲ್ಲೂರಿನ ಕಂಪನಿಯೊಂದರ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿದೆ, ಬಸ್ಸು ಹಿಡಿದು ಹೋಗಿ ಬರುತ್ತಾರೆ ಎಂದಳು. ಅಲ್ಲಿ ಪುಡಿಯೆಲ್ಲ ಪ್ಯಾಕೆಟ್ಟಿನಲ್ಲಿ ಬರುತ್ತದಂತೆ. ಇಷ್ಟು ನೀರಿಗೆ ಇಷ್ಟು ಪುಡಿ ಎಂದು ಅಳತೆ ಬರೆದಿರುತ್ತದಂತೆ. ಮೂಗು ಬೇಡ, ನಾಲಗೆಯೂ ಬೇಡ. ಮನೆಗೆ ಬಂದು ಅವನು ಸಾಂಬಾರು ಮುಟ್ಟುವುದಿಲ್ಲ, ಮಜ್ಜಿಗೆ ಅನ್ನ ಉಂಡು ಮಲಗುತ್ತಾನೆ ಎಂದಳು.

ಸುಗುಣಕ್ಕ ಅತ್ತರು. ದೇವರಿಗೆ ಹೇಳುತ್ತಿದ್ದೇನೆ ಎಂದುಕೊಂಡು ಹೇಳಿಬಿಟ್ಟೆ ಎಂದರು. ರತ್ನಾವತಿ ಕೇಳಿಸಿಕೊಂಡಳು. ಆಮೇಲೆ ದನಿಯೇರಿಸದೆ ಹೇಳಿದಳು.

"ಅವ್ರ್ ಮೂಗಿನ್ ವಿಷ್ಯ ನಿಮ್ ದೇವ್ರಿಗ್ ಹೇಳಿದ್ರಿ, ಇರ್ಲಿ. ನನ್ ವಿಷ್ಯ ನಮ್ ದೇವ್ರಿಗ್ ನಾನೇ ದಿನಾ ಹೇಳ್ತಿದ್ದೆ, ತಪ್ಪಾಯ್ತ್ ಅಂದೇಳಿ. ಅದನ್ನ್ ನೀವ್ ಧಣಿಗ್ ಹೇಳಿದ್ರಿ."

ಸುಗುಣಕ್ಕ ಕ್ಷಮಿಸು ಎಂದು ಕೇಳಿದರು. ಬಗ್ಗಿ ಅವಳ ಕಾಲು ಹಿಡಿಯಲು ಹೋದರೆ ರತ್ನಾವತಿಯೇ ಅವರ ಕೈ ಹಿಡಿದು ಮೇಲೆ ಕೂರಿಸಿದಳು. ವಯಸ್ಸಿನಲ್ಲಿ ದೊಡ್ಡವರು ಹಾಗೆ ಮಾಡಬಾರದು ಎಂದಳು. ಅವಳ ಕೈ ಬೆಚ್ಚಗಿತ್ತು. ಬಹಳ ಹೊತ್ತು ಬಿಡಲಿಲ್ಲ.

"ಬಿಟ್ಟೆ ಅಕ್ಕ. ನಂಗ್ ಈಗ ಸಿಟ್ಟಿಲ್ಲೆ. ಆರೆ ಇದೊಂದ್ ಯಾರಿಗೂ ಹೇಳ್ಬೇಡಿ. ನೀವ್ ಬಂದದ್ದೂ ಹೇಳ್ಬೇಡಿ, ನಾನ್ ಬಿಟ್ಟದ್ದೂ ಹೇಳ್ಬೇಡಿ. ನಮ್ ಹೆಸ್ರ್ ಇನ್ ಯಾರ್ ಬಾಯಗೂ ಬಪ್ಪುದ್ ಬ್ಯಾಡ."

ಆಗಲಿ ಎಂದು ಸುಗುಣಕ್ಕ ತಲೆಯಾಡಿಸಿದರು. ಬಾಯಿ ಬಿಟ್ಟು ಮಾತು ಕೊಡಲು ಅವರಿಗೆ ಧೈರ್ಯವಾಗಲಿಲ್ಲ.

ಮಳೆಗಾಲ ಕಳೆದು ಕ್ಯಾರವಾನ್ ಮತ್ತೆ ಹೊರಟಿತು, ಈ ಸಲ ಪಳವೇರ್ಕಾಡಿನ ಹಿನ್ನೀರಿಗೆ. ಸುಗುಣಕ್ಕನೂ ಹೋದರು. ಬಿಪಿ ನೋಡಿದರು, ಗಾಯ ಕಟ್ಟಿದರು, ಮಾತು ಮಾತ್ರ ಅಷ್ಟಕ್ಕಷ್ಟೆ. ಸಂಜೆ ಎಲ್ಲರೂ ನೀರಿನ ಪಕ್ಕ ಚಾಪೆ ಹಾಸಿ ಕುಳಿತಾಗ ಸಾಲಿನ್ಸ್, ದೇವರು ಮಾಡಿದ ಉಪಕಾರದ ಸಾಕ್ಷಿ ಯಾರಿಗಾದರೂ ಹೇಳುವುದಿದೆಯೇ ಎಂದು ಕೇಳಿದರು. ಸುಗುಣಕ್ಕನ ಬಳಿ ಇದ್ದಷ್ಟು ದೊಡ್ಡ ಸಾಕ್ಷಿ ಆ ಚಾಪೆಯ ಮೇಲೆ ಬೇರೆ ಯಾರ ಬಳಿಯೂ ಇರಲಿಲ್ಲ. ಮನೆಗೆ ಬೆಂಕಿ ಇಟ್ಟ ತನ್ನನ್ನು ಆ ಮನೆಯವಳೇ ಕೈ ಹಿಡಿದು ಕೂರಿಸಿದ್ದಳು. ಅದು ನಾಲಗೆಯ ತುದಿಗೆ ಬಂದಿತ್ತು. ಸುಗುಣಕ್ಕ ತಲೆ ತಗ್ಗಿಸಿ ಸುಮ್ಮನೆ ಕುಳಿತರು.

ಆಮೇಲೆ ಪ್ರಾರ್ಥನೆಯ ವಿಷಯಗಳು ಬಂದವು. ಹೋಟೆಲಿನಲ್ಲಿ ನಡೆದದ್ದನ್ನೆಲ್ಲ ಸಾಲಿನ್ಸ್ ಬಡಿಸುವವರ ಬಾಯಿಂದ ಕೇಳಿ ಬಂದಿದ್ದರು. ಅವರಿಗೂ ಅದು ಎದೆಯಲ್ಲಿ ಕುಟುಕುತ್ತಿತ್ತು. ಅವರು ಕಣ್ಣು ಮುಚ್ಚಿ, ಎಂದಿನ ದೊಡ್ಡ ದನಿಯಲ್ಲಿ, ವಿವರ ಬಿಡದೆ ಒಪ್ಪಿಸತೊಡಗಿದರು. ನಮ್ಮ ಅಕ್ಕ ಸುಗುಣಾ ಜತ್ತನ್ನ, ತಾಂಬರಂ, ಅವರಿಂದ ಮೈಲಾಪೂರಿನ ಒಂದು ಬಡ ಕುಟುಂಬದ ಅನ್ನ ಹೋಯಿತು. ಇಷ್ಟು ತಿಂಗಳಾದರೂ ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳುವ ಮನಸ್ಸು ಅಕ್ಕನಿಗೆ ಬರಲಿಲ್ಲ. ಅವರ ಹಮ್ಮು ಮುರಿ, ತಂದೆಯೇ, ಅವರಿಗೆ ತಗ್ಗಿದ ಹೃದಯ ಕೊಡು.

ಎಡ್ವಿನಣ್ಣ ಚಾಪೆಯ ಮೇಲೆ ಅಲುಗಾಡಿದರು. ಸುಗುಣಕ್ಕನ ಕಣ್ಣಿಂದ ನೀರು ಇಳಿಯಿತು, ಎಲ್ಲರೂ ಅದನ್ನು ಪಶ್ಚಾತ್ತಾಪದ ಮೊದಲ ಗುರುತೆಂದು ತಿಳಿದರು. ಸಾಲಿನ್ಸ್ ಮುಗಿಸಿದಾಗ ಎಲ್ಲರಿಗಿಂತ ಮೊದಲು, ಮೆಲ್ಲಗೆ, ಸುಗುಣಕ್ಕನೇ ಆಮೆನ್ ಎಂದರು.